ಆಳಿನ ಅಭಾವ: ಲೆಕ್ಕದ ಇನ್ನೊಂದು ಬದಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಯಾವುದೇ ಇಬ್ಬರು ವರ್ತಕರು ಅಥವಾ ಸಣ್ಣ ಉದ್ಯಮಿಗಳು ಭೇಟಿಯಾದರೂ ಮಾತು ಅಡಿಕೆಯ ಧಾರಣೆಯಿಂದ ಆರಂಭವಾಗಿ ಆಳಿನ ಅಭಾವದಲ್ಲಿ ಮುಗಿಯುವುದು ಈಗ ವಾಡಿಕೆಯಾಗಿದೆ. ಅಕ್ಕಿ ಗಿರಣಿಗೆ ಹಮಾಲರು ದೊರೆಯುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳೊಡನೆ ಮಾತನಾಡಲು ಕಲಿತ ಹುಡುಗ ಆರು ತಿಂಗಳು ಕಳೆಯುವುದರೊಳಗೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕದಲ್ಲಿ ಯಂತ್ರದ ಕೆಲಸ ಕಲಿತ ಹೆಣ್ಣುಮಗಳು ಅಡಿಕೆ ಸುಲಿಯುವ ಕಾಲ ಬಂದೊಡನೆ ಕಾಣಿಸುವುದಿಲ್ಲ. ಮುಂಗಡ ಪಡೆದು ಹಬ್ಬಕ್ಕೆಂದು ಊರಿಗೆ ಹೋದ ಬಡಗಿ ಹಿಂದಿರುಗುವುದಿಲ್ಲ. ಜನ ಸಿಗುವುದಿಲ್ಲ, ಸಿಕ್ಕರೆ ನಿಲ್ಲುವುದಿಲ್ಲ, ನಿಂತರೆ ನಂಬುವಂತಿಲ್ಲ ಎಂಬುದು ಒಟ್ಟು ದೂರಿನ ಸಾರಾಂಶ.

ಈ ದೂರು ಸುಳ್ಳಲ್ಲ. ಆದರೆ ಅದು ಅರ್ಧ ಲೆಕ್ಕ ಮಾತ್ರ. ಜಮಾ ಮತ್ತು ಖರ್ಚು ಎಂಬ ಎರಡು ಬದಿಗಳಿಲ್ಲದೆ ಯಾವ ಖಾತೆಯೂ ಪೂರ್ಣವಾಗುವುದಿಲ್ಲವೆಂಬುದು ವರ್ತಕರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಕೆಲಸಗಾರರ ವಿಷಯದಲ್ಲಿ ಮಾತ್ರ ನಾವು ಒಂದೇ ಬದಿಯನ್ನು ಬರೆದು ಮೊತ್ತ ಹಾಕುತ್ತಿದ್ದೇವೆ. ಅವರಿಂದ ನಾವು ನಿರೀಕ್ಷಿಸುವುದು ವರ್ಷಪೂರ್ತಿಯ ನಿಷ್ಠೆ. ಅವರಿಗೆ ನಾವು ಕೊಡಲು ಒಪ್ಪುವುದು ಕೆಲಸವಿದ್ದ ದಿನದ ಕೂಲಿ. ಈ ಎರಡರ ನಡುವಿನ ಅಂತರವೇ ಸಮಸ್ಯೆಯ ತಿರುಳು. ಈ ಅಂತರ ಹೇಗೆ ಉಂಟಾಯಿತು, ಅದರಿಂದ ಉದ್ಯಮಕ್ಕೆ ಆಗುತ್ತಿರುವ ನಿಜವಾದ ಖರ್ಚೆಷ್ಟು, ಅದನ್ನು ತುಂಬಲು ನಮ್ಮ ಕೈಯಲ್ಲಿರುವ ಉಪಾಯಗಳೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹಳೆಯ ನಂಬಿಕೆಯ ಬೆಲೆ

'ಹಿಂದೆ ಹೀಗಿರಲಿಲ್ಲ, ಮೂರು ತಲೆಮಾರು ಒಂದೇ ಮನೆಯಲ್ಲಿ ದುಡಿದವರಿದ್ದರು' ಎಂದು ಹಿರಿಯರು ಹೇಳುವುದುಂಟು. ಮಾತು ನಿಜ. ಆದರೆ ಆ ನಿಷ್ಠೆ ಯಾವ ಆಧಾರದ ಮೇಲೆ ನಿಂತಿತ್ತೆಂಬುದನ್ನೂ ನೋಡಬೇಕು. ಮಲೆನಾಡಿನ ದುಡಿಮೆಗಾರರಲ್ಲಿ ಬಹುಪಾಲು ಜನ ಗೇಣಿ ಒಕ್ಕಲುಗಳಾಗಿದ್ದರು ಅಥವಾ ಸಾಲಕ್ಕೆ ಪ್ರತಿಯಾಗಿ ಜೀತಕ್ಕಿದ್ದರು. ಕೆಲಸ ಬಿಟ್ಟರೆ ಉಳುವ ಗದ್ದೆಯೂ ಕೈಬಿಡುತ್ತಿತ್ತು, ಇರುವ ಬಿಡಾರವೂ ಹೋಗುತ್ತಿತ್ತು, ತಂದೆಯ ಕಾಲದ ಸಾಲ ಎದುರಿಗೆ ಬಂದು ನಿಲ್ಲುತ್ತಿತ್ತು. ಹೋಗಲು ಬೇರೆ ದಾರಿಯಿಲ್ಲದವನು ಉಳಿದುಕೊಂಡದ್ದನ್ನು ನಾವು ವಿಶ್ವಾಸವೆಂದು ಕರೆದೆವು.

ಇದಕ್ಕೆ ಮೊದಲ ದೊಡ್ಡ ಪ್ರತಿರೋಧ ಎದ್ದದ್ದು ನಮ್ಮ ಸಾಗರ ತಾಲ್ಲೂಕಿನಲ್ಲಿಯೇ. 1951ರ ಕಾಗೋಡು ಸತ್ಯಾಗ್ರಹಕ್ಕೆ ಮುಖ್ಯ ಕಾರಣಗಳಲ್ಲೊಂದು ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರ. ಕೊಡುವಾಗ ಒಂದು ಅಳತೆ, ತೆಗೆದುಕೊಳ್ಳುವಾಗ ಇನ್ನೊಂದು ಅಳತೆ ಆಗಬಾರದೆಂಬುದು ಗೇಣಿದಾರರ ವಾದವಾಗಿತ್ತು. ರಾಮಮನೋಹರ ಲೋಹಿಯಾ ಅವರೂ ಆ ಚಳವಳಿಗೆ ಬಂದು ಬಂಧನಕ್ಕೊಳಗಾದರು. ಮುಂದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ಕೊನೆಗೊಂಡಿತು. 1976ರ ಕಾಯ್ದೆ ಜೀತ ಪದ್ಧತಿಯನ್ನು ರದ್ದುಗೊಳಿಸಿ ಹಳೆಯ ಜೀತದ ಸಾಲಗಳನ್ನು ಅಸಿಂಧುವೆಂದು ಸಾರಿತು. ಇವೆರಡೂ ಆಗಲೇಬೇಕಾಗಿದ್ದ ಕಾರ್ಯಗಳು.

ಹಳೆಯ ಕಟ್ಟು ಕಳಚಿತು. ಅದರ ಜಾಗದಲ್ಲಿ ನಾವು ಹೊಸ ಸಂಬಂಧವನ್ನು ಕಟ್ಟಲಿಲ್ಲ. ನೇಮಕಾತಿ ಪತ್ರವಿಲ್ಲ, ವರ್ಷದ ಒಪ್ಪಂದವಿಲ್ಲ, ವೃದ್ಧಾಪ್ಯಕ್ಕೆ ಆಧಾರವಿಲ್ಲ. ಬಾಯಿಮಾತಿನ ಕೂಲಿ, ಬಾಯಿಮಾತಿನ ಮುಂಗಡ. ಬಾಯಿಮಾತಿನಲ್ಲಿ ಬಂದವನು ಬಾಯಿಮಾತನ್ನೂ ಹೇಳದೆ ಹೋದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ದುಡಿಯುವ ವಯಸ್ಸಿನವರೇ ಕಡಿಮೆ

ಎರಡನೆಯ ಕಾರಣ ಮಾಲೀಕರ ಕೈಮೀರಿದ್ದು. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಬೆಳೆದರೆ ಶಿವಮೊಗ್ಗ ಜಿಲ್ಲೆಯ ಬೆಳವಣಿಗೆ ಶೇ. 6.7 ಮಾತ್ರ: 16,42,545ರಿಂದ 17,52,753ಕ್ಕೆ. ರಾಜ್ಯದ ಅರ್ಧದಷ್ಟೂ ಇಲ್ಲದ ಈ ಬೆಳವಣಿಗೆಗೆ ಹುಟ್ಟು ಕಡಿಮೆಯಾದದ್ದು ಒಂದು ಕಾರಣ, ಊರು ಬಿಟ್ಟವರು ಹೆಚ್ಚಾದದ್ದು ಇನ್ನೊಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಕುಗ್ಗದೆ ನಿಲ್ಲಲು ಬೇಕಾದ ಪ್ರಮಾಣ 2.1. ಎಂದರೆ, ಇಂದು ಸಿಗದ ಆಳು ಹತ್ತು ವರ್ಷ ಕಾದರೆ ಸಿಕ್ಕಾನೆಂಬ ಆಸೆಗೆ ಆಧಾರವಿಲ್ಲ.

ಇರುವ ಒಂದಿಬ್ಬರು ಮಕ್ಕಳನ್ನು ತಂದೆತಾಯಿಗಳು ಓದಿಸುತ್ತಾರೆ. ಓದಿದವರು ಶಿವಮೊಗ್ಗ, ಮಂಗಳೂರು, ಬೆಂಗಳೂರುಗಳತ್ತ ನೋಡುತ್ತಾರೆ. ಹೀಗೆ ಹೋಗುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆಂಬುದನ್ನು ಮರೆಯಬಾರದು. ನಮ್ಮ ಮಗ ಬೆಂಗಳೂರಿಗೆ ಹೋದರೆ ಅದು ಪ್ರಗತಿ, ನಮ್ಮ ಅಂಗಡಿಯ ಹುಡುಗ ಹೋದರೆ ಅದು ಕೃತಘ್ನತೆ ಎಂಬ ತೀರ್ಮಾನಕ್ಕೆ ಯಾವ ನ್ಯಾಯವೂ ಒಪ್ಪುವುದಿಲ್ಲ.

ಅಡಿಕೆಯೊಡನೆ ಪೈಪೋಟಿ

ಮೂರನೆಯ ಕಾರಣ ಈ ಮೂರು ತಾಲ್ಲೂಕುಗಳಿಗೆ ವಿಶಿಷ್ಟವಾದದ್ದು. ಇಲ್ಲಿಯ ಸಣ್ಣ ಕೈಗಾರಿಕೆಗೆ ದೊಡ್ಡ ಪ್ರತಿಸ್ಪರ್ಧಿ ಇನ್ನೊಂದು ಕೈಗಾರಿಕೆಯಲ್ಲ, ಅಡಿಕೆ ತೋಟ. ರಾಶಿ ಇಡಿಯ ಧಾರಣೆ 2021ರಿಂದ ಈಚೆಗೆ ಕ್ವಿಂಟಲಿಗೆ 50,000 ರೂಪಾಯಿ ದಾಟಿದ ದಿನಗಳನ್ನು ಕಂಡಿದೆ. ಕೊಯ್ಲಿನ ಕಾಲದಲ್ಲಿ ಕೊನೆ ತೆಗೆಯುವವರಿಗೆ, ಸುಲಿಯುವವರಿಗೆ, ಬೇಯಿಸಿ ಒಣಗಿಸುವವರಿಗೆ ಬೆಳೆಗಾರರು ಮತ್ತು ಚೇಣಿದಾರರು ಕೊಡಬಲ್ಲ ಕೂಲಿಯನ್ನು ತಟ್ಟೆಯ ಘಟಕವಾಗಲಿ ಬೇಕರಿಯಾಗಲಿ ಕೊಡಲಾರದು. ಸುಲಿದಷ್ಟಕ್ಕೆ ಕೂಲಿ ಎಂಬ ಲೆಕ್ಕದಲ್ಲಿ ಚುರುಕಾದ ಕೈಗೆ ಕೆಲವೇ ವಾರಗಳಲ್ಲಿ ಒಳ್ಳೆಯ ಸಂಪಾದನೆಯಾಗುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರ ವಿಷಯವೂ ಹೀಗೆಯೇ.

ಆದುದರಿಂದ ಸುಗ್ಗಿಯಲ್ಲಿ ನಮ್ಮ ಘಟಕ ಬಿಟ್ಟು ತೋಟಕ್ಕೆ ಹೋಗುವ ಕೆಲಸಗಾರಳು ಬೇಜವಾಬ್ದಾರಿಯಿಂದ ನಡೆದುಕೊಳ್ಳುತ್ತಿಲ್ಲ. ಧಾರಣೆ ಏರಿದಾಗ ಮಾಲನ್ನು ಮಾರುವ ವರ್ತಕ ಮಾಡುವುದನ್ನೇ ಆಕೆಯೂ ಮಾಡುತ್ತಿದ್ದಾಳೆ. ವ್ಯತ್ಯಾಸವಿಷ್ಟೆ: ವರ್ತಕನ ಉಗ್ರಾಣದಲ್ಲಿ ಮಾಲು ಉಳಿಯುತ್ತದೆ, ಆಕೆಯ ಮಾಲು ಅಂದಂದಿನ ದುಡಿಮೆ, ಮಾರದ ದಿನ ಅದು ಹಾಳು.

ತೋಟಗಾರರಿಂದ ನಾವು ಕಲಿಯಬೇಕಾದ ಒಂದು ಪಾಠವೂ ಇದೆ. ಮರವೇರಿ ಕೊನೆ ತೆಗೆಯುವವರ ಮಕ್ಕಳು ಆ ಕೆಲಸಕ್ಕೆ ಬರಲು ಒಪ್ಪದಾದಾಗ ಬೆಳೆಗಾರರು ಶಪಿಸುತ್ತ ಕೂರಲಿಲ್ಲ. ನೆಲದಲ್ಲಿ ನಿಂತೇ ಕೊನೆ ಇಳಿಸಬಲ್ಲ ಫೈಬರ್ ದೋಟಿಯನ್ನು ತಂದರು. ಅದರ ಬಳಕೆಗೆ ತರಬೇತಿ ಶಿಬಿರಗಳು ನಡೆದವು. ಮರ ಹತ್ತಲು ಒಲ್ಲದ ಯುವಕರು ದೋಟಿ ಹಿಡಿಯಲು ಬಂದರು. ಸುಲಿಯುವ ಯಂತ್ರಗಳೂ ಹೀಗೆಯೇ ಹಬ್ಬಿದವು. ಜನ ಬದಲಾಗದಿದ್ದರೆ ಕೆಲಸದ ರೀತಿಯನ್ನೇ ಬದಲಾಯಿಸಬೇಕೆಂಬುದು ಇದರ ತಾತ್ಪರ್ಯ.

ಸರಕಾರಿ ಯೋಜನೆಗಳ ಮೇಲಿನ ಆಪಾದನೆ

'ಉಚಿತ ಅಕ್ಕಿ ಬಂತು, ಆಳು ಹೋಯಿತು' ಎಂಬ ಮಾತು ನಮ್ಮ ಸಭೆಗಳಲ್ಲಿ ಸಾಮಾನ್ಯ. 2005ರ ಉದ್ಯೋಗ ಖಾತರಿ ಕಾಯ್ದೆ, 2013ರ ಅನ್ನಭಾಗ್ಯ, 2023ರ ಶಕ್ತಿ ಮತ್ತು ಗೃಹಲಕ್ಷ್ಮಿ ಯೋಜನೆಗಳ ಮೇಲೆ ಈ ಆಪಾದನೆ ಬರುತ್ತಲೇ ಇದೆ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ, ಆದರೆ ಅಂಕಿಗಳನ್ನಿಟ್ಟು ತೂಗಬೇಕು.

ಉದ್ಯೋಗ ಖಾತರಿ ಕಾಯ್ದೆ ನೀಡಿದ್ದು ಒಂದು ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಭರವಸೆ. ಅದರ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆಯಲ್ಲಿ ಭರವಸೆ 125 ದಿನಗಳಿಗೇರಿದೆ. ಅದರೊಡನೆ ಕೃಷಿಯ ಒತ್ತಡದ ಕಾಲದಲ್ಲಿ ಒಟ್ಟು 60 ದಿನಗಳವರೆಗೆ ಕಾಮಗಾರಿಯನ್ನು ನಿಲ್ಲಿಸಲು ಅವಕಾಶವನ್ನೂ ಇಡಲಾಗಿದೆ. ಗೃಹಲಕ್ಷ್ಮಿಯ 2,000 ರೂಪಾಯಿ, ದಿನಕ್ಕೆ 600 ರೂಪಾಯಿ ಕೂಲಿಯ ಲೆಕ್ಕದಲ್ಲಿ, ನಾಲ್ಕು ದಿನದ ದುಡಿಮೆಗೂ ಸಾಟಿಯಲ್ಲ. ಅಷ್ಟರಿಂದ ಯಾರೂ ವರ್ಷಪೂರ್ತಿ ಮನೆಯಲ್ಲಿ ಕೂರಲಾರರು. ಆದರೆ ಹಸಿವಿಗೆ ಹೆದರಿ ಸಿಕ್ಕ ಕೂಲಿಗೆ ಒಪ್ಪಿಕೊಳ್ಳುವ ಅಗತ್ಯ ಅವರಿಗೀಗ ಇಲ್ಲ. ಅಂದರೆ ಯೋಜನೆಗಳು ಕೆಲಸಗಾರರನ್ನು ಇಲ್ಲವಾಗಿಸಿಲ್ಲ, ಆಯ್ಕೆ ಮಾಡುವ ಶಕ್ತಿಯನ್ನು ಕೊಟ್ಟಿವೆ. ಆಯ್ಕೆ ಮಾಡುವವರು ನಮ್ಮನ್ನು ಏಕೆ ಆರಿಸುತ್ತಿಲ್ಲವೆಂಬುದೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಶಕ್ತಿ ಯೋಜನೆಯಿಂದ ನಮಗೆ ಲಾಭವಾಗಬೇಕಿತ್ತು, ಏಕೆಂದರೆ ದೂರದ ಹಳ್ಳಿಯ ಮಹಿಳೆ ಟಿಕೆಟ್ಟಿನ ಖರ್ಚಿಲ್ಲದೆ ಪಟ್ಟಣಕ್ಕೆ ದುಡಿಯಲು ಬರಬಹುದು. ಆದರೆ ಉಚಿತ ಪ್ರಯಾಣ ಸರಕಾರಿ ಬಸ್ಸುಗಳಲ್ಲಿ ಮಾತ್ರ. ನಮ್ಮ ಅನೇಕ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಮನೆ ಸೇರುವ ದಾರಿಯಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರಿನಾಚೆಯವರು ಲಾಂಚಿಗೆ ಕಾಯದೆ ಸಾಗರಕ್ಕೆ ಬರುವಂತಾಗಿದೆ. ರಸ್ತೆ, ಸೇತುವೆ, ಬಸ್ಸಿನ ವೇಳೆ ಇವೂ ಕಾರ್ಮಿಕ ಸಮಸ್ಯೆಯ ಭಾಗವೇ. 'ದಿನಾ ತಡವಾಗಿ ಬರುತ್ತಾಳೆ' ಎಂದು ದೂರುವ ಮುನ್ನ ಆಕೆಯ ಊರಿನಿಂದ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸುವುದೊಳ್ಳೆಯದು.

ಕಿರ್ದಿಯಲ್ಲಿ ಬರೆಯದ ಖರ್ಚು

ಇನ್ನು ಲೆಕ್ಕಕ್ಕೆ ಬರೋಣ. ಕೂಲಿ ಎಂಬ ಖರ್ಚು ನಮ್ಮ ಕಿರ್ದಿಯಲ್ಲಿ ಪ್ರತಿ ಶನಿವಾರ ಕಾಣಿಸುತ್ತದೆ. ಕೆಲಸಗಾರನೊಬ್ಬ ಬಿಟ್ಟುಹೋದದ್ದರಿಂದ ಆದ ಖರ್ಚಿಗೆ ಯಾವ ಖಾತೆಯೂ ಇಲ್ಲ. ಅದು ಕಡಿಮೆಯಾದ ಉತ್ಪಾದನೆಯಲ್ಲಿ, ಹಾಳಾದ ಮಾಲಿನಲ್ಲಿ, ತಪ್ಪಿಹೋದ ಗಿರಾಕಿಯಲ್ಲಿ ಅಡಗಿರುತ್ತದೆ. ಒಂದು ಉದಾಹರಣೆಯನ್ನು ನೋಡಬಹುದು. ಇಲ್ಲಿಯ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು; ಓದುಗರು ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು. ಸಂಬಳವು ಸರಕಾರ ಅಧಿಸೂಚಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಕೂಡದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಆರು ಜನ ದುಡಿಯುವ ಹಾಳೆ ತಟ್ಟೆಯ ಘಟಕವೊಂದಿದೆ. ಒಬ್ಬರಿಗೆ ದಿನಕ್ಕೆ 600 ರೂ.ನಂತೆ 25 ದಿನಕ್ಕೆ ತಿಂಗಳಿಗೆ 15,000 ರೂ. ಆರು ಜನರ ವರ್ಷದ ಸಂಬಳ 10,80,000 ರೂ. ಕಚ್ಚಾ ಮಾಲು ಮತ್ತು ವಿದ್ಯುತ್ತಿನ ಖರ್ಚು ಕಳೆದು ಒಬ್ಬರ ದುಡಿಮೆಯಿಂದ ದಿನಕ್ಕೆ 1,000 ರೂ. ಉಳಿಯುತ್ತದೆ, ಅದರಲ್ಲಿ ಕೂಲಿ ಹೋಗಿ ಮಾಲೀಕನಿಗೆ 400 ರೂ. ಈಗ ಒಬ್ಬರು ಹೇಳದೆ ಬಿಟ್ಟರೆ ಆಗುವ ನಷ್ಟ ಹೀಗಿದೆ:

1. ಹೊಸಬರು ಸಿಗುವವರೆಗೆ 12 ದಿನ ಯಂತ್ರ ಖಾಲಿ, ದಿನಕ್ಕೆ 400ರಂತೆ: 4,800 ರೂ.
2. ಹೊಸಬರಿಗೆ ಪೂರ್ಣ ಕೂಲಿ, ಆದರೆ ಮೊದಲ 30 ದಿನ ಅರ್ಧ ಉತ್ಪಾದನೆ, ದಿನಕ್ಕೆ 500ರಂತೆ: 15,000 ರೂ.
3. ಕಲಿಯುವಾಗ ಕೆಟ್ಟ ಹಾಳೆ, ಯಂತ್ರದ ಸಣ್ಣಪುಟ್ಟ ದುರಸ್ತಿ: 2,000 ರೂ.
4. ವಸೂಲಾಗದ ಮುಂಗಡ: 5,000 ರೂ.

ಒಟ್ಟು 26,800 ರೂ. ವರ್ಷದಲ್ಲಿ ನಾಲ್ವರು ಹೀಗೆ ಹೋದರೆ 1,07,200 ರೂ. ಇದು ವರ್ಷದ ಸಂಬಳದ ಸುಮಾರು ಶೇ. 10. ಶೇ. 10ರ ಏರಿಕೆ ಕೊಡಲು ನಮ್ಮಿಂದಾಗದೆಂದು ಹೇಳುವ ಮಾಲೀಕನು ಅಷ್ಟೇ ಹಣವನ್ನು ಆಗಲೇ ಕೊಡುತ್ತಿದ್ದಾನೆ. ಕೆಲಸಗಾರರ ಕೈಗೆ ಮಾತ್ರ ಅದು ಸೇರುತ್ತಿಲ್ಲ.

ಹಾಗಾದರೆ ಎಲ್ಲರಿಗೂ ಶೇ. 10 ಏರಿಸಿಬಿಡಬೇಕೆ? ಅವಸರ ಬೇಡ. ಏರಿಕೆಯ ವರ್ಷದ ಖರ್ಚು 1,08,000 ರೂ. ಅದರಿಂದ ಬಿಟ್ಟುಹೋಗುವವರ ಸಂಖ್ಯೆ ನಾಲ್ಕರಿಂದ ಒಂದಕ್ಕೆ ಇಳಿಯಿತೆಂದು ಭಾವಿಸಿದರೂ ಉಳಿತಾಯ 80,400 ರೂ. ಮಾತ್ರ, 27,600 ರೂ. ಕೈಯಿಂದ ಹೋಗುತ್ತದೆ. ಅದರ ಬದಲಿಗೆ ವರ್ಷ ಪೂರ್ಣಗೊಳಿಸಿದವರಿಗೆ ಒಂದು ತಿಂಗಳ ಸಂಬಳವನ್ನು ಹೆಚ್ಚುವರಿಯಾಗಿ ಕೊಡುವುದೆಂದು ಗೊತ್ತುಮಾಡಿದರೆ ಐವರಿಗೆ 75,000 ರೂ. ಆಗುತ್ತದೆ. ಅದೇ ಉಳಿತಾಯದಲ್ಲಿ 5,400 ರೂ. ಮಿಗುತ್ತದೆ. ಮಿಗುವ ಹಣ ಅಲ್ಪ, ನಿಜ. ಆದರೆ ಹೇಳಿದ ದಿನಕ್ಕೆ ಮಾಲು ಕೊಡಬಲ್ಲ ಘಟಕಕ್ಕೆ ಬರುವ ಹೆಸರು ಈ ಲೆಕ್ಕದಲ್ಲಿ ಸೇರಿಲ್ಲ.

ಈ ಹಣವನ್ನು ಕೊಡುವ ದಿನವೂ ಮುಖ್ಯ. ಪೂರ್ತಿ ಮೊತ್ತವನ್ನು ದೀಪಾವಳಿಗೆ ಕೊಟ್ಟರೆ ಅದರ ಬೆನ್ನಿಗೇ ಅಡಿಕೆ ಕೊಯ್ಲು ಕಾದಿರುತ್ತದೆ. ಅರ್ಧವನ್ನು ಭೂಮಿ ಹುಣ್ಣಿಮೆಯ ಹೊತ್ತಿಗೂ ಉಳಿದರ್ಧವನ್ನು ಯುಗಾದಿಗೂ ಕೊಟ್ಟರೆ ನಡುವಣ ಸುಗ್ಗಿ ದಾಟುತ್ತದೆ. ಇಷ್ಟರ ಮೇಲೂ ಮನೆಯ ತೋಟದ ಕೊಯ್ಲಿಗೋ ಮುಯ್ಯಾಳು ತೀರಿಸುವುದಕ್ಕೋ ಹೋಗಲೇಬೇಕಾದವರಿಗೆ ಎರಡು ವಾರದ ಸುಗ್ಗಿ ರಜೆಯನ್ನು ಮೊದಲೇ ಗೊತ್ತುಮಾಡಿ, ಸರದಿಯಂತೆ ಕೊಡಬಹುದು. ಹೇಳಿ ಹೋದವರು ಮರಳುತ್ತಾರೆ. ಹೇಳದೆ ಹೋದವರಿಗೆ ಮರಳಲು ಮುಖವಿರುವುದಿಲ್ಲ.

ಮುಂಗಡವೆಂಬ ಮರೀಚಿಕೆ

ಕೆಲಸಗಾರನನ್ನು ಉಳಿಸಿಕೊಳ್ಳಲು ನಾವು ನೆಚ್ಚಿರುವ ಸಾಧನ ಮುಂಗಡ. ಇದು ಹಳೆಯ ಕಾಲದ ಉಳಿಕೆ. ಈಗ ಕೆಲಸಕ್ಕೆ ಬರುವುದಿಲ್ಲ. 10,000 ರೂ. ಮುಂಗಡ ಪಡೆದವನನ್ನು ಇನ್ನೊಬ್ಬ ಮಾಲೀಕ 20,000 ರೂ. ತೋರಿಸಿ ಕರೆದೊಯ್ಯುತ್ತಾನೆ. ಆ ಇನ್ನೊಬ್ಬ ಮಾಲೀಕ ನಮ್ಮ ಸಂಘದ ಸದಸ್ಯನೇ ಆಗಿರಬಹುದು. ದುಡಿಮೆಗಾರನ ಮೇಲೆ ಸಾಲದ ಹೊರೆ ಬೆಳೆಯುತ್ತದೆ, ಮಾಲೀಕರ ಮೇಲೆ ವಸೂಲಾಗದ ಬಾಕಿ ಬೆಳೆಯುತ್ತದೆ.

ಕಾನೂನಿನ ಅಪಾಯವೂ ಉಂಟು. ಮುಂಗಡ ತೀರುವವರೆಗೆ ಬೇರೆಲ್ಲೂ ದುಡಿಯಕೂಡದೆಂದು ತಡೆದರೆ, ಅಥವಾ ಮುಂಗಡದ ಕಾರಣದಿಂದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟರೆ, ಅದು 1976ರ ಕಾಯ್ದೆಯ ಅರ್ಥದಲ್ಲಿ ಜೀತವೆನಿಸಬಹುದು. ಮುಂಗಡ ಕೊಡುವುದೇ ತಪ್ಪೆಂದಲ್ಲ. ಅದು ಚಿಕ್ಕದಿರಲಿ, ಬರಹದಲ್ಲಿರಲಿ, ಬ್ಯಾಂಕಿನ ಮೂಲಕ ಹೋಗಲಿ, ತಿಂಗಳ ಕಂತು ಎಷ್ಟೆಂದು ಇಬ್ಬರಿಗೂ ತಿಳಿದಿರಲಿ. ವೇತನ ಸಂಹಿತೆಯ ಪ್ರಕಾರ ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧವನ್ನು ಮೀರುವಂತಿಲ್ಲ. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕೆಂಬುದೂ ಅದೇ ಸಂಹಿತೆಯ ನಿಯಮ. ಹೋಗುವವನ ಸಂಬಳ ತಡೆಹಿಡಿಯುವ ಅಭ್ಯಾಸವುಳ್ಳವರು ಇದನ್ನು ಗಮನಿಸಬೇಕು. ಹೋದವನಿಗೆ ಸರಿಯಾಗಿ ಲೆಕ್ಕ ತೀರಿಸಿದ ಮಾಲೀಕನ ಸುದ್ದಿ ಅವನ ಊರಿನಲ್ಲೆಲ್ಲ ಹರಡುತ್ತದೆ. ತೀರಿಸದವನ ಸುದ್ದಿ ಅದಕ್ಕಿಂತ ಬೇಗ ಹರಡುತ್ತದೆ.

ಬರಹದ ಬಲ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಿಂದಿನ 29 ಕಾಯ್ದೆಗಳನ್ನು ಅವು ಒಳಗೊಂಡಿವೆ. ಸಣ್ಣ ಉದ್ಯಮಿಗಳು ಇವುಗಳನ್ನು ಹೊರೆಯೆಂದೇ ನೋಡುವುದು ಸಹಜ. ಆದರೆ ಕೆಲಸಗಾರನನ್ನು ಉಳಿಸಿಕೊಳ್ಳುವ ದೃಷ್ಟಿಯಿಂದ ನೋಡಿದರೆ ಕೆಲವು ಅಂಶಗಳು ನಮಗೇ ಉಪಯುಕ್ತವಾಗಿವೆ.

ಮೊದಲನೆಯದು ನೇಮಕಾತಿ ಪತ್ರ. ಹೊಸ ವ್ಯವಸ್ಥೆ ಇದಕ್ಕೆ ಒತ್ತು ಕೊಟ್ಟಿದೆ. ತಮ್ಮಲ್ಲಿರುವುದು ಮೂರೇ ಜನವಾದರೂ ಕೊಡಿ. ಕೆಲಸವೇನು, ಸಂಬಳವೆಷ್ಟು, ರಜೆಯೆಷ್ಟು, ಬಿಡುವ ಮುನ್ನ ಎಷ್ಟು ದಿನ ತಿಳಿಸಬೇಕು ಎಂಬುದು ಕನ್ನಡದಲ್ಲಿ ಒಂದೇ ಪುಟದಲ್ಲಿರಲಿ. ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಮಗಳ ಮದುವೆಯ ಮಾತುಕತೆಯಲ್ಲಿ 'ಇಂಥ ಕಡೆ ಕೆಲಸ' ಎಂದು ಹೇಳಿಕೊಳ್ಳುವಾಗ ಆ ಹಾಳೆಗೆ ಇರುವ ಬೆಲೆ ನಾವು ಊಹಿಸುವುದಕ್ಕಿಂತ ಹೆಚ್ಚು.

ಎರಡನೆಯದು ಭವಿಷ್ಯ ನಿಧಿ. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಇದು ಕಡ್ಡಾಯ. ಕಡಿಮೆ ಇರುವವರು ಸ್ವಇಚ್ಛೆಯಿಂದ ಸೇರಬಹುದು. ಸೇರಿದರೆ ವಂತಿಗೆಯ ಖರ್ಚಿದೆ, ಆದರೆ ಪ್ರತಿಯಾಗಿ ದೊರೆಯುವುದೂ ಇದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಹೊಸ ಉದ್ಯೋಗಗಳಿಗೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯಡಿ ಮಾಲೀಕರಿಗೆ ನೌಕರನೊಬ್ಬನಿಗೆ ತಿಂಗಳಿಗೆ ಗರಿಷ್ಠ 3,000 ರೂ.ವರೆಗೆ ಎರಡು ವರ್ಷ, ಉತ್ಪಾದನಾ ಘಟಕಗಳಿಗೆ ನಾಲ್ಕು ವರ್ಷ ಪ್ರೋತ್ಸಾಹಧನವಿದೆ. 50ಕ್ಕಿಂತ ಕಡಿಮೆ ನೌಕರರಿರುವವರು ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಿ ಆರು ತಿಂಗಳಾದರೂ ಉಳಿಸಿಕೊಳ್ಳಬೇಕು. ಮೊದಲ ಬಾರಿಗೆ ಭವಿಷ್ಯ ನಿಧಿಗೆ ಸೇರುವ ನೌಕರನಿಗೂ 15,000 ರೂ.ವರೆಗೆ ಎರಡು ಕಂತುಗಳಲ್ಲಿ ದೊರೆಯುತ್ತದೆ.

ಮೂರನೆಯದು ತೆರಿಗೆಯ ರಿಯಾಯಿತಿ. ತೆರಿಗೆ ಲೆಕ್ಕಪರಿಶೋಧನೆಗೆ ಒಳಪಡುವ ಉದ್ಯಮಿಗಳು ಹೆಚ್ಚುವರಿಯಾಗಿ ನೇಮಿಸಿದ ನೌಕರರ ಸಂಬಳದ ಶೇ. 30ರಷ್ಟನ್ನು ಮೂರು ವರ್ಷ ಹೆಚ್ಚುವರಿ ಕಡಿತವಾಗಿ ಪಡೆಯಬಹುದು. ತಿಂಗಳ ಸಂಬಳ 25,000 ರೂ. ಮೀರಬಾರದು, ನೌಕರನು ಭವಿಷ್ಯ ನಿಧಿಯಲ್ಲಿರಬೇಕು, ಪಾವತಿ ಬ್ಯಾಂಕಿನ ಮೂಲಕ ಆಗಿರಬೇಕು, ಸಾಮಾನ್ಯವಾಗಿ ವರ್ಷದಲ್ಲಿ 240 ದಿನ ದುಡಿದಿರಬೇಕು. 1961ರ ಕಾಯ್ದೆಯಲ್ಲಿದ್ದ ಈ ಸೌಲಭ್ಯ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಮುಂದುವರಿದಿದೆ. ಹಾಜರಿ ಪುಸ್ತಕವಿಲ್ಲದೆ ನಗದಿನಲ್ಲಿ ಕೂಲಿ ಕೊಡುವವರು ಈ ಮೂರೂ ಅನುಕೂಲಗಳನ್ನು ಕೈಯಾರೆ ಬಿಟ್ಟುಕೊಡುತ್ತಾರೆ.

ಮಾತು ಮತ್ತು ಮರ್ಯಾದೆ

ಖರ್ಚಿಲ್ಲದ ವಿಷಯವೊಂದನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಪಿಯುಸಿ ಓದಿದ ಯುವಕನನ್ನು ಗಿರಾಕಿಗಳ ಎದುರು ಏಕವಚನದಲ್ಲಿ ಗದರಿಸಿದರೆ ಅವನು ಅಂದೇ ಮನಸ್ಸಿನಲ್ಲಿ ಕೆಲಸ ಬಿಟ್ಟಿರುತ್ತಾನೆ. ದೇಹ ಬಿಡಲು ಒಂದು ತಿಂಗಳು ಹಿಡಿಯಬಹುದು. ಮಹಿಳೆಯರಿಗೆ ಬೀಗವಿರುವ ಶೌಚಾಲಯವಿಲ್ಲದ ಘಟಕ, ಕೆಲಸಗಾರನಿಗೆ ಬೇರೆ ಲೋಟದಲ್ಲಿ ಚಹ ಕೊಡುವ ಮನೆ, ಹಿತ್ತಲಿನಲ್ಲಿ ಊಟ ಬಡಿಸುವ ಪದ್ಧತಿ, ಇವುಗಳಿಗೆ ಕೂಲಿ ಏರಿಸಿ ಪರಿಹಾರ ಕೊಡಲಾಗದು. ಬೆಂಗಳೂರಿನ ಕಾರ್ಖಾನೆಯಲ್ಲಿ ಬಾಡಿಗೆ, ಊಟ ಕಳೆದು ಉಳಿಯುವುದು ನಮ್ಮಲ್ಲಿ ಸಿಗುವುದಕ್ಕಿಂತ ಕಡಿಮೆಯಿದ್ದರೂ ಜನ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಅವರು ಯಾರ ಮನೆಯ ಆಳೂ ಅಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನಗಳೂ ನಮ್ಮ ಸುತ್ತಲೇ ಇವೆ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಆರಂಭವಾದ 'ಚರಕ' ಮಹಿಳಾ ಸಹಕಾರ ಸಂಘ ನೇಯ್ಗೆಯ ಹಿನ್ನೆಲೆಯಿಲ್ಲದ ಹಳ್ಳಿಯ ಹೆಣ್ಣುಮಕ್ಕಳಿಗೆ ಕೈಮಗ್ಗ ಮತ್ತು ನೈಸರ್ಗಿಕ ಬಣ್ಣದ ಕೆಲಸವನ್ನು ಮನೆಯ ಹತ್ತಿರವೇ ಕಲಿಸಿತು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕೂಡಿ ಆರಂಭಿಸಿದ ಸಹಕಾರ ಸಾರಿಗೆಯ ಬಸ್ಸುಗಳು ಸುಮಾರು ಮೂರು ದಶಕ ಮಲೆನಾಡಿನ ರಸ್ತೆಗಳಲ್ಲಿ ಓಡಿದವು. 2020ರಲ್ಲಿ ಆ ಸಂಸ್ಥೆ ನಷ್ಟದಿಂದ ನಿಂತಿತು, ಚರಕವೂ ಅದೇ ವರ್ಷ ತೀವ್ರ ಸಂಕಷ್ಟಕ್ಕೆ ಸಿಲುಕಿತು. ಪಾಲು ಮತ್ತು ಗೌರವ ಕೊಟ್ಟರೆ ಜನ ನಿಲ್ಲುತ್ತಾರೆಂಬುದೂ, ಜನ ನಿಂತ ಮಾತ್ರಕ್ಕೆ ವ್ಯಾಪಾರ ನಿಲ್ಲುವುದಿಲ್ಲವೆಂಬುದೂ ಇವೆರಡರಿಂದ ತಿಳಿಯುತ್ತದೆ.

ಹೊರರಾಜ್ಯದ ಕೆಲಸಗಾರರು

ಸ್ಥಳೀಯರು ಸಿಗದಾದಾಗ ಅನೇಕರು ಬಿಹಾರ, ಅಸ್ಸಾಂ, ಜಾರ್ಖಂಡ್‌ಗಳ ಯುವಕರನ್ನು ಕರೆಸಿಕೊಂಡಿದ್ದಾರೆ. ಅವರು ದುಡಿಮೆಯಲ್ಲಿ ಹಿಂದಿಲ್ಲ. ಆದರೆ ಇದು ಅಗ್ಗದ ದಾರಿಯೆಂಬ ಭಾವನೆ ಸರಿಯಲ್ಲ. ವಸತಿ, ಪ್ರಯಾಣ, ಮಧ್ಯವರ್ತಿಯ ದಲ್ಲಾಳಿ, ವರ್ಷಕ್ಕೊಮ್ಮೆ ತಿಂಗಳುಗಟ್ಟಲೆ ಊರಿಗೆ ಹೋಗುವ ಅವಧಿ, ಇವೆಲ್ಲವನ್ನೂ ಕೂಡಿಸಬೇಕು. 2020ರ ಲಾಕ್‌ಡೌನ್ ಸಮಯದಲ್ಲಿ ಅವರೆಲ್ಲ ಒಮ್ಮೆಗೇ ಊರಿಗೆ ಹೊರಟಾಗ ಎಷ್ಟು ಘಟಕಗಳು ಸ್ತಬ್ಧವಾದವೆಂಬುದು ನೆನಪಿರಲಿ. ಸ್ಥಳೀಯರಿಗೆ ಕೊಡದ ಸೌಲಭ್ಯವನ್ನು ಅವರಿಗೂ ಕೊಡದಿದ್ದರೆ ಅವರೂ ಮುಂದಿನ ಊರಿಗೆ ಹೋಗುತ್ತಾರೆ.

ಕೂಡಿ ಮಾಡಬಹುದಾದದ್ದು

ಒಬ್ಬನೇ ಸಣ್ಣ ಉದ್ಯಮಿ ವರ್ಷಕ್ಕೆ 300 ದಿನದ ಕೆಲಸ ಕೊಡಲಾರ ಎಂಬ ಆಕ್ಷೇಪ ನ್ಯಾಯವಾದದ್ದೇ. ಮಳೆಗಾಲದಲ್ಲಿ ಕಟ್ಟಡದ ಕೆಲಸವಿಲ್ಲ, ಹಾಳೆ ಒಣಗುವುದಿಲ್ಲ. ಆದರೆ ನಮ್ಮ ಮೂರು ತಾಲ್ಲೂಕುಗಳ ಕ್ಯಾಲೆಂಡರ್ ನೋಡಿದರೆ ಒಬ್ಬರ ಬಿಡುವು ಇನ್ನೊಬ್ಬರ ಒತ್ತಡ. ಅಡಿಕೆಯ ಕೆಲಸ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಭತ್ತದ ಕೊಯ್ಲಿನ ನಂತರ ಅಕ್ಕಿ ಗಿರಣಿ. ಬೇಸಿಗೆಯಲ್ಲಿ ಕಟ್ಟಡ, ಮದುವೆ ಮತ್ತು ಹಾಳೆಯ ಕೆಲಸ. ಜೋಗ ತುಂಬಿ ಹರಿಯುವ ಮಳೆಗಾಲದಲ್ಲಿ ಹೋಟೆಲು, ವಸತಿಗೃಹಗಳಿಗೆ ಪ್ರವಾಸಿಗರ ದಟ್ಟಣೆ. ನಾಲ್ಕೈದು ಮಾಲೀಕರು ಕೂಡಿ ಹತ್ತು ಜನರಿಗೆ ವರ್ಷದ ಕೆಲಸವನ್ನು ಹಂಚಿ ಕೊಟ್ಟರೆ ಯಾರಿಗೂ ಹೊರೆಯಾಗದು. ಇಂಥ ಪಟ್ಟಿಯನ್ನು ಇಡಲು ನಮ್ಮ ಸಂಘಕ್ಕಿಂತ ತಕ್ಕ ಜಾಗ ಬೇರೆಯಿಲ್ಲ.

ಇದರೊಡನೆ ಮೂರು ಕಟ್ಟುಪಾಡುಗಳನ್ನೂ ಸಂಘದಲ್ಲಿ ಚರ್ಚಿಸಬಹುದು. ಒಬ್ಬ ಸದಸ್ಯನ ಕೆಲಸಗಾರನನ್ನು ಇನ್ನೊಬ್ಬ ಸದಸ್ಯ ಮುಂಗಡದ ಆಸೆ ತೋರಿಸಿ ಕರೆಯದಿರುವುದು. ಹೆಚ್ಚಿನ ಸಂಬಳಕ್ಕೆ ಹೋಗುವ ಅವನ ಸ್ವಾತಂತ್ರ್ಯಕ್ಕೆ ಇದರಿಂದ ಅಡ್ಡಿಯಾಗಕೂಡದು. ಎಲ್ಲರಿಗೂ ಅನ್ವಯಿಸುವ ನೇಮಕಾತಿ ಪತ್ರದ ಕನ್ನಡ ನಮೂನೆಯನ್ನು ಸಿದ್ಧಪಡಿಸುವುದು. ಬಸ್ಸಿನ ವೇಳೆಯ ವಿಷಯದಲ್ಲಿ ಸಾರಿಗೆ ಅಧಿಕಾರಿಗಳಿಗೂ ಖಾಸಗಿ ಮಾಲೀಕರಿಗೂ ಒಟ್ಟಾಗಿ ಮನವಿ ಸಲ್ಲಿಸುವುದು.

'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ' ಎಂಬ ಗಾದೆಯನ್ನು ನಾವು ಕೇಳುತ್ತ ಬೆಳೆದವರು. ಇಂದು ಮಗ ಬೆಂಗಳೂರಿನಲ್ಲಿದ್ದಾನೆ, ತನಗೆ ವಯಸ್ಸಾಗಿದೆ. ಉದ್ಯಮ ನಡೆಯಬೇಕಾದರೆ ಉಳಿದಿರುವುದು ಆ ಮೂರನೆಯವರ ಕೈ. ಅದನ್ನು ಹಾಳೆಂದು ಕರೆಯುತ್ತ ಹೋದರೆ ಬಾಗಿಲು ಮುಚ್ಚುವ ದಿನ ದೂರವಿಲ್ಲ; ಈಗಾಗಲೇ ಮುಚ್ಚಿದ ಗಿರಣಿಗಳೂ ಅಂಗಡಿಗಳೂ ನಮ್ಮ ಪೇಟೆಗಳಲ್ಲಿವೆ. ನಿಷ್ಠೆಯನ್ನು ಯಾವ ಕೊಳಗದಲ್ಲಿ ಅಳೆದು ಕೇಳುತ್ತೇವೆಯೋ ಅದೇ ಕೊಳಗದಲ್ಲಿ ಅಳೆದು ಕೊಡಲು ಸಿದ್ಧರಾಗೋಣ. ಅದರ ಮೊದಲ ಹೆಜ್ಜೆಯಾಗಿ, ಕಳೆದ ಒಂದು ವರ್ಷದಲ್ಲಿ ತಮ್ಮಲ್ಲಿ ಎಷ್ಟು ಜನ ಬಿಟ್ಟುಹೋದರು, ಅದರಿಂದಾದ ಖರ್ಚೆಷ್ಟು ಎಂಬುದನ್ನು ಸದಸ್ಯರು ಈ ತಿಂಗಳು ಒಂದು ಹಾಳೆಯಲ್ಲಿ ಬರೆದು ನೋಡಲಿ. ಮುಂದೇನು ಮಾಡಬೇಕೆಂಬುದು ಆ ಹಾಳೆಯಿಂದಲೇ ತಿಳಿದೀತು.